ಎಡಮೂಲೆಯ ಹೆಸರು

ಹಳೆಯ ಸಸ್ಯಚಿತ್ರಗಳ ಅಚ್ಚುಹಾಳೆ ಕೂಡಿಡುವವರಲ್ಲಿ ನಾನಾ ಬಗೆ. ಕೆಲವರಿಗೆ ಆರ್ಕಿಡ್ ಬೇಕು, ಕೆಲವರಿಗೆ ಹಣ್ಣಿನ ಚಿತ್ರ. ಪ್ಯಾರಿಸ್ಸಿನ ರೆಡೂಟೆ ಬರೆದ ಗುಲಾಬಿಯ ಹಿಂದೆ ಬಿದ್ದವರಿಗಂತೂ ಬೇರೆ ಹೂವೇ ಕಾಣುವುದಿಲ್ಲ. ನನ್ನದು ಬೀದಿಯ ಲೆಕ್ಕ. ಬೆಂಗಳೂರಿನ ಹಲಸೂರು ಕೆರೆಯಿಂದ ಆಚೆ ಇಂದಿರಾನಗರದ ನೂರಡಿ ರಸ್ತೆಯವರೆಗೆ, ಈಚೆ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನವರೆಗೆ ನಡೆಯುವಾಗ ಕಣ್ಣಿಗೆ ಬೀಳುವ ಗಿಡಮರಗಳ ಚಿತ್ರಕ್ಕೆ ಮಾತ್ರ ನನ್ನ ಗೋಡೆಯಲ್ಲಿ ಜಾಗ. ಪರಿಚಯವಿಲ್ಲದ ಹೂವಿನ ಹಾಳೆ ಎಷ್ಟೇ ಚೆಂದವಿದ್ದರೂ ಕಣ್ತುಂಬ ನೋಡಿ ಅಂಗಡಿಯವರಿಗೇ ಹಿಂತಿರುಗಿಸುತ್ತೇನೆ.

ಈ ಲೆಕ್ಕದಲ್ಲಿ ಮೊದಲು ಬರುವುದು ಗುಲ್‌ಮೊಹರ್. ಏಪ್ರಿಲ್ ಕಳೆಯುತ್ತಲೇ ದಂಡಿನ ರಸ್ತೆಗಳಿಗೆ ಕೆಂಪು ಹಾಸುವ ಈ ಮರ ಮಡಗಾಸ್ಕರಿನದು. ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿದ್ದು 1809ರಲ್ಲಿ. ಅದಾಗಿ ಇಪ್ಪತ್ತು ವರ್ಷಕ್ಕೆ, 1829ರಲ್ಲಿ, ಲಂಡನ್ನಿನ ‘ಕರ್ಟಿಸಸ್ ಬೊಟಾನಿಕಲ್ ಮ್ಯಾಗಜೀನ್’ ಇದರ ಚಿತ್ರವನ್ನೂ ವರ್ಣನೆಯನ್ನೂ ಅಚ್ಚು ಹಾಕಿತು. 1787ರಲ್ಲಿ ಶುರುವಾದ ಆ ಪತ್ರಿಕೆ 1948ರವರೆಗೂ ಕೈಯಿಂದಲೇ ಬಣ್ಣ ತುಂಬಿಸುತ್ತಿತ್ತೆಂಬುದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಒಂದೇ ಸಂಚಿಕೆಯ ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಕೆಂಪು ಒಂದರಲ್ಲಿ ಕುಂಕುಮ, ಇನ್ನೊಂದರಲ್ಲಿ ಕೊಂಚ ಕಿತ್ತಳೆ. ಗುಲ್‌ಮೊಹರಿನ ಐದು ಎಸಳುಗಳಲ್ಲಿ ನಾಲ್ಕು ಪೂರ್ತಿ ಕೆಂಪು. ಐದನೆಯದು ಬಿಳಿ, ಅದರ ಮೇಲೆ ಕೆಂಪು ಗೆರೆ. ಮೊಗ್ಗು ಬಿಡಿಸಿ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಹುಂಜದ ಜಗಳ ಆಡಿದ ಯಾವ ಮಗುವಿಗೂ ಆ ಐದನೆಯ ಎಸಳು ಗೊತ್ತು.

ನಿಜವಾದ ಹಳೆಯ ಹಾಳೆಯೋ ಈಚಿನ ನಕಲೋ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ, ಒಂದು ಭೂತಗನ್ನಡಿ ಸಾಕು. ನಕಲಾದರೆ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ. ಕೈಬಣ್ಣವಾದರೆ ಕುಂಚ ಎಲ್ಲಿ ಎತ್ತಿತು, ಎಲ್ಲಿ ಗೆರೆ ದಾಟಿತು ಎಂಬುದೂ ತಿಳಿಯುತ್ತದೆ. ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ ಚಿತ್ರವಾದರೆ, ಅಂಚು ಕತ್ತರಿಸಿರದಿದ್ದಲ್ಲಿ, ತಗಡಿನ ಅಂಚು ಕಾಗದದೊಳಗೆ ಇಳಿದ ಗುರುತಿರುತ್ತದೆ, ಬೆರಳಾಡಿಸಿದರೆ ಸಿಗುತ್ತದೆ. ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿಗೆ ಆ ತಗ್ಗಿಲ್ಲ. ಅದರಲ್ಲಿ ಗೆರೆ ಮೆತ್ತಗೆ, ಪೆನ್ಸಿಲ್ಲಿನಲ್ಲಿ ಬರೆದ ಹಾಗೆ.

ಕಲ್ಲಚ್ಚಿನ ಮಾತು ಬಂದ ಮೇಲೆ ರಾಬರ್ಟ್ ವೈಟನನ್ನು ಬಿಟ್ಟು ಮುಂದೆ ಹೋಗಲಾರೆ. ಈಸ್ಟ್ ಇಂಡಿಯಾ ಕಂಪನಿಯ ಈ ವೈದ್ಯ 1838ರಿಂದ 1853ರವರೆಗೆ ಮದ್ರಾಸಿನಲ್ಲಿ ಹೊರತಂದ ‘ಐಕೋನ್ಸ್’ ಆರು ಸಂಪುಟ, 2,101 ಚಿತ್ರ. ಬಣ್ಣವಿಲ್ಲ, ಬರೀ ಕಪ್ಪು ಗೆರೆ. ಗುಲಾಬಿ ಹುಡುಕುವವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಮಾತ್ರ ದಕ್ಷಿಣ ಭಾರತದ ಗಿಡಗಂಟಿಯನ್ನು ಇಷ್ಟು ಪ್ರೀತಿಯಿಂದ ನೋಡಿದ ಬೇರೆ ಪುಸ್ತಕ ಇಲ್ಲ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ 1795ರಿಂದ ಹೊರತಂದ ಕೋರಮಂಡಲದ ಸಸ್ಯಗಳ ಪುಸ್ತಕ ಹಾಳೆಯ ಅಳತೆಯಲ್ಲಿ ಇದಕ್ಕಿಂತ ದೊಡ್ಡದು, ಬಣ್ಣದ್ದು. ನಮ್ಮ ಹಲಸು ಅಲ್ಲಿ ವೈಭವದಿಂದ ಕೂತಿದೆ. ಆದರೆ ಅದನ್ನು ಬರೆದ ಇಲ್ಲಿನ ಕಲಾವಿದನ ಹೆಸರು ಹಾಳೆಯಲ್ಲಿ ಎಲ್ಲೂ ಇಲ್ಲ. ವೈಟನ ಎಷ್ಟೋ ಹಾಳೆಗಳ ಎಡಮೂಲೆಯಲ್ಲಿ, ಚಿತ್ರದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ ರಂಗಯ್ಯ ಇಲ್ಲವೇ ಗೋವಿಂದು ಎಂದಿರುತ್ತದೆ. ಇಬ್ಬರೂ ತೆಲುಗರು. ಹಾಳೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಆ ಮೂಲೆಯನ್ನು.

ಅಂಥ ಒಂದು ಹಾಳೆಯನ್ನು ಚೌಕಟ್ಟು ಹಾಕಿಸಲು ಶಿವಾಜಿನಗರದ ಗಲ್ಲಿಯೊಂದಕ್ಕೆ ಒಯ್ದಿದ್ದೆ. “ಅಂಚು ಸ್ವಲ್ಪ ಕಟ್ ಮಾಡಿಬಿಡ್ಲಾ ಸರ್, ನೀಟಾಗಿ ಕೂರುತ್ತೆ” ಎಂದರು ಅಂಗಡಿಯವರು. ಬೇಡವೆಂದು ಮೂಲೆಯ ಅಕ್ಷರ ತೋರಿಸಿದೆ. ಕನ್ನಡಕ ಮೇಲಕ್ಕೇರಿಸಿ ಕೂಡಿಸಿ ಓದಿದರು. “ಗೋವಿಂದು... ನಮ್ಮ ಕಡೆಯೋರಾ ಸರ್?” ಆಮೇಲೆ ಅವರೇ ಅಳತೆ ಹಿಡಿದು, ಹೆಸರು ಕಾಣುವ ಹಾಗೆ ಚಿತ್ರದ ಸುತ್ತ ಬರುವ ರಟ್ಟಿನ ಮೌಂಟನ್ನು ಅಗಲಕ್ಕೆ ಕೊಯ್ದರು. ಗಾಜು ಕಾಗದಕ್ಕೆ ತಾಗದಂತೆ ಮೌಂಟ್ ದಪ್ಪವಾಗಿಯೂ ಇರಬೇಕು. ಇಲ್ಲವಾದರೆ ಮಳೆಗಾಲದ ತೇವಕ್ಕೆ ಕಂದು ಮಚ್ಚೆ ಏಳುತ್ತದೆ. ಬಿಸಿಲು ಬೀಳುವ ಗೋಡೆಯಂತೂ ಕೂಡದು.

ಗೋವಿಂದುವಿನ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟ, ಗೋವಿಂದೂಯಾ ಎಂದು. ಮುಂದಿನ ಸಸ್ಯಶಾಸ್ತ್ರಜ್ಞರು ಅದನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರಿಂದ ಹೆಸರು ಬಳಕೆ ತಪ್ಪಿತು. ರಂಗಯ್ಯನ ಹೆಸರು ಉಳಿದಿದೆ. 1832ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ನೀಸ್ ಇಟ್ಟ ರುಂಗಿಯಾ ಎಂಬ ಕುಲನಾಮ ಇಂದಿಗೂ ಚಾಲ್ತಿಯಲ್ಲಿದೆ. ಕಣಗಿಲೆಯಷ್ಟು ಠೀವಿಯ ಗಿಡವಲ್ಲ; ನೆಲ ಬಿಟ್ಟು ಹೆಚ್ಚು ಏಳದ, ಮಳೆ ಮುಗಿದ ಮೇಲೆ ಖಾಲಿ ಸೈಟು, ಕಾಂಪೌಂಡಿನ ಬುಡಗಳಲ್ಲಿ ಹಬ್ಬುವ ಕಳೆ. ಬಗ್ಗಿ ನೋಡಿದರೆ ತೆನೆಯ ಪ್ರತಿ ಪುಟ್ಟ ಎಲೆಗೂ ಕಾಗದದಂಥ ಬಿಳಿ ಅಂಚು, ನಡುವೆ ಕಡ್ಡಿತಲೆಯಷ್ಟು ಹೂವು. ದಿನವಿಡೀ ಗಿಡಗಳ ಮುಂದೆ ಕೂತು ಗೆರೆ ಎಳೆದವನಿಗೆ ಇದಕ್ಕಿಂತ ಒಪ್ಪುವ ಮರ್ಯಾದೆ ನನಗೆ ಹೊಳೆಯದು.

ಒಂದು ವಿಷಯದಲ್ಲಿ ನಾನು ಬಲು ಹಟಮಾರಿ. ಇಡೀ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರುವ ವ್ಯಾಪಾರ ಲೋಕದಲ್ಲೆಲ್ಲ ಇದೆ, ಬಿಡಿಯಾಗಿ ಮಾರಿದರೆ ಲಾಭ ಹೆಚ್ಚು. ಹೊಲಿಗೆಯ ತೂತು ಹೊಸದಾಗಿ ಹರಿದಂತೆ ಕಂಡರೆ ಆ ಹಾಳೆ ನನಗೆ ಬೇಡ. ಅಂಥವರಿಗೆ ದುಡ್ಡು ಕೊಡುವುದೆಂದರೆ ಮುಂದಿನ ಸಂಪುಟದ ಮೇಲೆ ಕತ್ತರಿ ಇಡಲು ಹೇಳಿದ ಹಾಗೆ. ಹಿಂದೆಂದೋ ಬೈಂಡು ಕಳಚಿ ಅನಾಥವಾದ ಹಾಳೆಗಳೇ ಬೇಕಾದಷ್ಟಿವೆ. 1945ರಿಂದ ನಡೆದು ಬಂದ, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್‌ನಂಥ ಕಡೆ ಕಟ್ಟು ಬಿಚ್ಚಿ ಸಾವಕಾಶ ನೋಡುವ ಸುಖ ಬೇರೆಯದೇ. ಕೊಳ್ಳಲು ಕೈಲಾಗದವರಿಗೆ ವೈಟನ ಸಂಪುಟಗಳ ಪುಟಪುಟವೂ ಅಂತರ್ಜಾಲದಲ್ಲಿ ಉಚಿತ.

ವೈಟನ ಪುಸ್ತಕದಲ್ಲಿ ರುಂಗಿಯಾದ ಚಿತ್ರವೂ ಇದೆ. ನನಗಿನ್ನೂ ಸಿಕ್ಕಿಲ್ಲ. ಸಿಕ್ಕರೆ ಯಾರೂ ಬಣ್ಣ ಹಚ್ಚಿ ಅಂದಗಾಣಿಸದ, ನಾಲ್ಕೂ ಅಂಚು ಇರುವ ಪ್ರತಿಯೇ ಸಿಗಲಿ. ಮೌಂಟ್ ಎಷ್ಟು ಅಗಲಕ್ಕೆ ಕೊಯ್ಯಬೇಕೆಂದು ಶಿವಾಜಿನಗರದಲ್ಲಿ ಇನ್ನು ಹೇಳಿಕೊಡಬೇಕಾಗಿಲ್ಲ.