ಶಿರಾಡಿಯ ಏರಿನಲ್ಲಿ ಹೊಸ ಲಾರಿ

ಗುಂಡ್ಯ ದಾಟಿದೊಡನೆ ಶಿರಾಡಿ ಘಟ್ಟದ ಏರು ಮೊದಲಾಗುತ್ತದೆ. ಒಂದು ಮಗ್ಗುಲಲ್ಲಿ ಕೆಂಪುಹೊಳೆಯ ಮೊರೆತ, ಸುತ್ತಲೂ ದಟ್ಟವಾದ ಕಾಡು. ಮಂಗಳೂರಿನ ಮೀನು ಹೊತ್ತು ಬೆಂಗಳೂರಿಗೆ ಹೊರಟ ಹೊಸ ಲಾರಿಯೊಂದು ಇಲ್ಲಿಯೇ ಬಲಗುಂದಿ ನಿಂತಿತು. ಚಾಲಕನೆದುರು ಹಳದಿ ದೀಪವೊಂದು ಹೊತ್ತಿಕೊಂಡಿತ್ತು.

2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿ.ಎಸ್.-6 ನಿಯಮದಂತೆ ತಯಾರಾದ ಇಂತಹ ಲಾರಿಗಳ ಹೊಗೆಯನ್ನು ಯೂರಿಯಾ ದ್ರಾವಣ ಶುದ್ಧಗೊಳಿಸುತ್ತದೆ. ಆ ವ್ಯವಸ್ಥೆಯಲ್ಲಿ ದೋಷ ಕಂಡರೆ ಎಂಜಿನ್ ತಾನಾಗಿಯೇ ತನ್ನ ಶಕ್ತಿಯನ್ನು ಕುಗ್ಗಿಸಿಕೊಳ್ಳುತ್ತದೆ. ಹಳೆಯ ಲಾರಿಯಾಗಿದ್ದರೆ ಚಾಲಕನೇ ಸ್ಪ್ಯಾನರ್ ಹಿಡಿಯುತ್ತಿದ್ದ. ಈಗಲೋ, ಅನ್ಯರ ಕೈ ಸೋಕಿದರೆ ವಾರಂಟಿ ರದ್ದಾದೀತೆಂಬ ಭಯ! ಕಂಪನಿಯ ಮೆಕ್ಯಾನಿಕ್ ಬರುವವರೆಗೆ ಕಾಯಲೇಬೇಕು. ರಿಪೇರಿಗೆ ಹಣ ಕೊಡಬೇಕಾಗಿಲ್ಲ, ನಿಜ. ಆದರೆ ಹಿಂದೆ ಹನಿಹನಿಯಾಗಿ ಕರಗುತ್ತಿರುವ ಮಂಜುಗಡ್ಡೆಗೆ ವಾರಂಟಿ ಕೊಡುವವರಾರು?