ಹೊಸ ಗಣಕ, ಹಳೆಯ ನ್ಯಾಸ

ಮನೆಗೆ ಹೊಸ ವಸ್ತುವೊಂದು ಬಂದಾಗ ಎಲ್ಲರ ದೃಷ್ಟಿಯೂ ಅದರ ಮೇಲಿರುತ್ತದೆ. ಅದರ ಬೆಲೆ, ಹೊಳಪು, ಸಾಮರ್ಥ್ಯಗಳದೇ ಮಾತು. ಹೊರಗೆ ಹೋಗಲಿರುವ ಹಳೆಯ ವಸ್ತುವಿನತ್ತ ತಿರುಗಿ ನೋಡುವವರು ವಿರಳ. ಹಳೆಯ ನೇಗಿಲು, ಬೀಸುವ ಕಲ್ಲು, ಗಡಿಯಾರ ಮೊದಲಾದವುಗಳ ಮಟ್ಟಿಗೆ ಇದರಿಂದ ಹಾನಿಯೇನೂ ಇಲ್ಲ. ಅವು ತಮ್ಮೊಳಗೆ ಯಾರ ಗುಟ್ಟನ್ನೂ ಇರಿಸಿಕೊಂಡಿರುವುದಿಲ್ಲ. ಗಣಕಯಂತ್ರದ ಸಂಗತಿ ಬೇರೆ. ಅದು ವಸ್ತುವೂ ಹೌದು, ಪೆಟ್ಟಿಗೆಯೂ ಹೌದು. ಆ ಪೆಟ್ಟಿಗೆಯಲ್ಲಿರುವುದೆಲ್ಲವೂ ಒಡೆಯನದೇ ಆಗಿರಬೇಕೆಂದಿಲ್ಲ. ಹೊಸ ನೋಟ್‌ಬುಕ್ ಕಂಪ್ಯೂಟರನ್ನು ಅಣಿಗೊಳಿಸಲು ಕುಳಿತ ವೃದ್ಧ ಶಿಕ್ಷಕರೊಬ್ಬರಿಗೆ ಈ ಸಂಗತಿ ಮನವರಿಕೆಯಾದ ಬಗೆ ವಿಚಾರಯೋಗ್ಯವಾಗಿದೆ.

ಯಲ್ಲಾಪುರ ತಾಲ್ಲೂಕಿನ ಚಂದಗುಳಿಯನ್ನು ಹೊರಗಿನವರು ಬಲ್ಲದ್ದು ಅಲ್ಲಿಯ ಘಂಟೆ ಗಣಪತಿಯಿಂದ. ಹರಕೆ ತೀರಿದವರು ದೇವಾಲಯಕ್ಕೆ ಬಂದು ಗಂಟೆ ಕಟ್ಟುತ್ತಾರೆ. ಚಿಕ್ಕದು, ದೊಡ್ಡದು, ಒಂದರ ಮಗ್ಗುಲಲ್ಲಿ ಇನ್ನೊಂದು. ಯಾರು ಏನನ್ನು ಬೇಡಿಕೊಂಡಿದ್ದರೆಂಬುದು ಕಟ್ಟಿದವರಿಗೆ ಗೊತ್ತು. ನೋಡುವವರಿಗೆ ಗಂಟೆ ಮಾತ್ರ ಕಾಣುತ್ತದೆ. ಅದೇ ಊರಿನಲ್ಲಿ, ಅಡಿಕೆ ತೋಟದ ಮೇಲಿನ ಮನೆಯೊಂದರಲ್ಲಿ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರಿದ್ದಾರೆ. ಎಲ್ಲರಿಗೂ ಅವರು ಮಾಸ್ತರರು. 2015ರಲ್ಲಿ ನಿವೃತ್ತಿಯ ಹಣದಿಂದ ಒಂದು ಗಣಕವನ್ನು ಕೊಂಡಂದಿನಿಂದ ಊರವರ ಅರ್ಜಿಗಳೆಲ್ಲ ಅವರ ಜಗಲಿಯಲ್ಲಿಯೇ ಸಿದ್ಧವಾಗತೊಡಗಿದವು. ಪ್ರತಿಫಲವೆಂದರೆ ಬಂದವರೊಡನೆ ಕುಳಿತು ಹಾಕುವ ಒಂದು ಕವಳ, ಅಷ್ಟೆ.

ಹತ್ತು ವರ್ಷಗಳಲ್ಲಿ ಆ ಗಣಕದೊಳಗೆ ಊರಿನ ಅರ್ಧ ಬದುಕು ಸೇರಿಕೊಂಡಿತ್ತು. ಸೊಸೈಟಿಯ ಸಾಲಕ್ಕೆ ಬರೆದ ಮನವಿಗಳಿದ್ದವು. 2006ರ ಅರಣ್ಯ ಹಕ್ಕು ಕಾಯಿದೆಯಂತೆ ಸಲ್ಲಿಸಿದ ಅರ್ಜಿಗಳ ಪ್ರತಿಗಳಿದ್ದವು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕಾಗಿದ್ದುದರಿಂದ ಆ ಅರ್ಜಿಗಳ ಜೊತೆಗೆ ಮುತ್ತಜ್ಜಂದಿರ ಹೆಸರು, ಹಳೆಯ ರಸೀದಿ, ಮನೆತನದ ಒಳಗಿನ ವಿವರಗಳೂ ಇದ್ದವು. ಅಣ್ಣನೊಬ್ಬನು ಬರೆಯಿಸಿ ತಮ್ಮನಿಗೆ ತೋರಿಸದೆ ಬಿಟ್ಟ ಪಾಲುಪಟ್ಟಿಯ ಕರಡಿತ್ತು. ಗಂಡನ ಮನೆಯ ಕಷ್ಟವನ್ನು ತಿಳಿಸಿ ಹೆಣ್ಣುಮಗಳೊಬ್ಬಳು ಬರೆಯಿಸಿ, ಕಳಿಸುವುದು ಬೇಡವೆಂದು ಹಿಂದೆಗೆದ ದೂರಿನ ಕಾಗದವೂ ಇತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮಾಸ್ತರರ ಹಳೆಯ ಯಂತ್ರವು ಮುಂದಿನ ಆವೃತ್ತಿಗೆ ಒಗ್ಗುವಂಥದಾಗಿರಲಿಲ್ಲ. ಅದರ ತಿರುಗುಣಿಯೂ ಸಡಿಲವಾಗಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಂಗಿಯ ಮೊಮ್ಮಗನು ರಜೆಗೆ ಬರುವಾಗ ಹೊಸ ನೋಟ್‌ಬುಕ್ಕನ್ನು ತಂದನು. ಹಳೆಯದರ ಅರ್ಧ ತೂಕವೂ ಇಲ್ಲದ ಅದನ್ನು ಮಾಸ್ತರರು ಎರಡು ಕೈಗಳಲ್ಲಿ ಹಿಡಿದು ತೂಗಿ ನೋಡಿದರು.

ಯಂತ್ರವನ್ನು ತೆರೆದೊಡನೆ ಪ್ರಶ್ನೆಗಳ ಸಾಲು ಎದುರಾಯಿತು. ದೇಶ ಯಾವುದು, ಭಾಷೆ ಯಾವುದು, ಕೀಲಿಮಣೆ ಯಾವುದು, ನೀವಿರುವ ಸ್ಥಳವನ್ನು ತಿಳಿದುಕೊಳ್ಳಬಹುದೇ, ಬಳಕೆಯ ವಿವರಗಳನ್ನು ಕಳಿಸಿಕೊಡುವಿರಾ, ಕಡತಗಳ ಪ್ರತಿಯನ್ನು ದೂರದ ಸರ್ವರಿನಲ್ಲಿ ಕಾಯ್ದಿಡಬೇಕೇ? ಮಾಸ್ತರರು ಮೊದಮೊದಲು ಕನ್ನಡಕವನ್ನು ಸರಿಪಡಿಸಿಕೊಂಡು ಓದಿದರು. “ಅಜ್ಜ, ಇದನ್ನೆಲ್ಲ ಓದುತ್ತ ಕೂತರೆ ಬೆಳಗಾದೀತು. ಎಲ್ಲರೂ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಾರೆ” ಎಂದನು ಹುಡುಗ. ಕಾಯ್ದಿಡುವುದು ಒಳ್ಳೆಯದೇ ಅಲ್ಲವೇ ಎಂದುಕೊಂಡು ಮಾಸ್ತರರೂ ಒಪ್ಪಿಗೆಯನ್ನು ಒತ್ತಿದರು. ಡಿಸ್ಕಿನ ಗೂಢಲಿಪಿ ಬೀಗಕ್ಕೆ 48 ಅಂಕಿಗಳ ಮರುಪಡೆಯುವ ಸಂಖ್ಯೆಯೊಂದು ಇರುತ್ತದೆಂದೂ ಅದನ್ನು ಕಳೆದುಕೊಂಡರೆ ಮುಂದೊಂದು ದಿನ ತನ್ನ ಕಡತ ತನಗೇ ದೊರೆಯದೆ ಹೋದೀತೆಂದೂ ಹುಡುಗ ಹೇಳಿದಾಗ, ಅದನ್ನು ಮಾತ್ರ ಒಂದೊಂದೇ ಅಂಕಿಯಾಗಿ ಕಾಗದಕ್ಕೆ ಇಳಿಸಿ ಪೆಟ್ಟಿಗೆಯಲ್ಲಿಟ್ಟರು.

ಹಳೆಯ ಕಡತಗಳನ್ನು ಹೊಸದಕ್ಕೆ ನಕಲು ಮಾಡಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಆಂಗ್ಲ ಅಕ್ಷರಗಳು, ಚಿಹ್ನೆಗಳು ಕಂಡವು. ಮಾಸ್ತರರ ಎದೆ ಧಸಕ್ಕೆಂದಿತು. ಆದರೆ ಬರಹ ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ, ಆಂಗ್ಲ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ಆಂಗ್ಲವೇ ಕಾಣುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ವೂ ಆರಂಭದಲ್ಲಿ ಇದೇ ಬಗೆಯ ಮಾರ್ಗವನ್ನು ಹಿಡಿದಿತ್ತು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಅದರಲ್ಲಿ ‘ಕ’ಕಾರದ ಸಂಖ್ಯೆ 3221, ಯಾವ ಯಂತ್ರದಲ್ಲಿ ತೆರೆದರೂ ಅದು ‘ಕ’ಕಾರವೇ. ಆದರೂ ಆ ಪದ್ಧತಿ ಸಾಮಾನ್ಯರ ಜಗಲಿಯನ್ನು ತಲುಪಲು ಬಹುಕಾಲ ಹಿಡಿಯಿತು.

ಪರಿವರ್ತಕ ತಂತ್ರಾಂಶದಿಂದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಮೂರು ದಿನ ನಡೆಯಿತು. ಕನ್ನಡದ ನಡುವೆ ನಿಜವಾಗಿಯೂ ಆಂಗ್ಲದಲ್ಲಿದ್ದ ಪದಗಳು ಕೆಲವೆಡೆ ಅರ್ಥಹೀನ ಕನ್ನಡವಾದವು. ಆದುದರಿಂದ ಹೆಸರು, ಸರ್ವೆ ನಂಬರುಗಳನ್ನು ಮಾಸ್ತರರು ಕಣ್ಣಾರೆ ನೋಡಿ ತಿದ್ದಿದರು. ಒಂದು ಅಂಕಿ ತಪ್ಪಿದರೆ ಒಬ್ಬನ ಭೂಮಿ ಮತ್ತೊಬ್ಬನದಾಗಿ ಕಂಡೀತು. ಕೀಲಿಮಣೆ ಮಾತ್ರ ಬದಲಾಗಲಿಲ್ಲವೆಂಬುದು ಅವರಿಗೆ ಸಮಾಧಾನ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆಯಲ್ಲಿ, ಎರಡು ವ್ಯಂಜನಗಳ ನಡುವೆ ‘ಎಫ್’ ಒತ್ತಿದರೆ ಒತ್ತಕ್ಷರ ಮೂಡುವ ಅಭ್ಯಾಸ, ಹೊಸ ಯಂತ್ರದಲ್ಲಿಯೂ ಬೆರಳಿಗೆ ಹಾಗೆಯೇ ಒದಗಿತು.

ಬರೆಯುವ ತಂತ್ರಾಂಶದ ಪ್ರಶ್ನೆ ಬಂದಾಗ ಹುಡುಗ ಪೆನ್ ಡ್ರೈವೊಂದನ್ನು ತೋರಿಸಿದನು. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಬೀಗ ಒಡೆದ ಪ್ರತಿ ಅದರಲ್ಲಿತ್ತು. “ಹಾಸ್ಟೆಲಿನಲ್ಲಿ ಎಲ್ಲರ ಹತ್ತಿರವೂ ಇದೇ ಇರುವುದು ಅಜ್ಜ” ಎಂದನು. ಮಾಸ್ತರರು ಬೇಡವೆಂದರು. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಅಂಥ ಪ್ರತಿಯನ್ನು ತಿಳಿದೂ ಬಳಸುವವನಿಗೆ ಶಿಕ್ಷೆಯುಂಟು. ಆದರೆ ಅವರು ಅದನ್ನು ಎತ್ತಲಿಲ್ಲ. “ಅರ್ಜಿಯ ಕೊನೆಗೆ ‘ಮೇಲಿನದೆಲ್ಲ ಸತ್ಯ’ ಎಂದು ನಾನೇ ಬರೆಯುತ್ತೇನಲ್ಲ, ತಮ್ಮಾ” ಎಂದಷ್ಟೇ ಹೇಳಿದರು. ಹಣವಿಲ್ಲದೆಯೇ ನ್ಯಾಯವಾಗಿ ದೊರೆಯುವ ಲಿಬ್ರೆಆಫೀಸನ್ನು ಹಾಕಿಕೊಂಡರು. ಆ ಕ್ಷಣದಲ್ಲಿ ತಾವು ಪ್ರಾಮಾಣಿಕರೆಂಬ ತೃಪ್ತಿಯೂ ಅವರಿಗೆ ಉಂಟಾಗಿರಬೇಕು. ಆ ತೃಪ್ತಿ ಮರುದಿನದ ಸಂಜೆಯವರೆಗೂ ಉಳಿಯಲಿಲ್ಲ.

ಸಂಜೆ ಕಡತಗಳ ಪಟ್ಟಿಯನ್ನು ನೋಡುತ್ತಿದ್ದಾಗ ಕೆಲವು ಹೆಸರುಗಳ ಪಕ್ಕದಲ್ಲಿ ಚಿಕ್ಕ ಗುರುತು ಕಂಡಿತು. ಏನೆಂದು ಕೇಳಿದರು. ಆ ಕಡತಗಳ ಪ್ರತಿ ದೂರದ ಸರ್ವರಿಗೆ ಹೋಗಿ ಮುಟ್ಟಿದೆಯೆಂದು ಅದರ ಅರ್ಥವೆಂದನು ಹುಡುಗ. ಮೊದಲ ದಿನ ಒತ್ತಿದ ಒಪ್ಪಿಗೆಯ ಫಲವದು. ಊರಿನ ಅಂತರ್ಜಾಲ ನಿಧಾನವಾಗಿದ್ದುದು ಅಂದು ಉಪಕಾರವೇ ಆಯಿತು: ಆರುನೂರು ಚಿಲ್ಲರೆ ಕಡತಗಳಲ್ಲಿ ನಲವತ್ತೊಂದು ಮಾತ್ರ ಹೋಗಿದ್ದವು. ಆ ನಲವತ್ತೊಂದರಲ್ಲಿ ಹೆಣ್ಣುಮಗಳ ಕಾಗದವೂ ಒಂದಾಗಿತ್ತು. “ಪಾಸ್‌ವರ್ಡ್ ನಿಮ್ಮದೇ ಇದೆ ಅಜ್ಜ, ಯಾರೂ ನೋಡುವುದಿಲ್ಲ” ಎಂದು ಹುಡುಗ ಸಮಾಧಾನ ಹೇಳಿದನು. “ನೋಡುವುದು ಬಿಡುವುದು ಬೇರೆ ಮಾತು. ಒಪ್ಪಿಗೆ ಕೊಡಲು ಆ ಕಾಗದ ನನ್ನದಾಗಿತ್ತೇ?” ಎಂದರು ಮಾಸ್ತರರು. ಯಂತ್ರ ಕೇಳಿತ್ತು, ಕೇಳಿದ್ದನ್ನು ಓದಿ, ಯಾರ ಪರವಾಗಿ ಉತ್ತರಿಸುತ್ತಿದ್ದೇನೆಂದು ಯೋಚಿಸದಿದ್ದುದು ತಮ್ಮ ತಪ್ಪೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಪ್ರತಿ ಕಳಿಸುವ ವ್ಯವಸ್ಥೆಯನ್ನು ಮೊದಲು ನಿಲ್ಲಿಸಬೇಕಾಯಿತು. ಇಲ್ಲವಾದರೆ ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿದುಹೋಗುತ್ತದೆ. ಅನಂತರ ಸರ್ವರಿನಲ್ಲಿದ್ದ ಪ್ರತಿಗಳನ್ನೂ, ಅಲ್ಲಿಯೇ ಬೇರೆಯಾಗಿರುವ ಕಸದ ಬುಟ್ಟಿಯಲ್ಲಿ ಉಳಿದವುಗಳನ್ನೂ ತೆಗೆದುಹಾಕಿದರು.

ಅದೇ ವಾರ ಪಾಲಿನ ಜಗಳದ ತಮ್ಮನು ಮಾಸ್ತರರ ಮನೆಗೆ ಬಂದನು. ಆಸರಿಗೆ ಕುಡಿದು, ಕವಳ ಹಾಕಿ, ಸ್ವಲ್ಪ ಹೊತ್ತು ಅಡಿಕೆಯ ದರದ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದನು. “ಮಾಸ್ತರೇ, ಅಣ್ಣ ಬರೆಯಿಸಿದ ಕರಡು ನಿಮ್ಮ ಹತ್ತಿರ ಇದೆಯಂತೆ. ಒಮ್ಮೆ ಓದಿ ಹೇಳಿ. ನಾನೂ ನಿಮ್ಮ ಶಿಷ್ಯನೇ ಅಲ್ಲವೇ?”

ಆ ಕರಡಿನಲ್ಲಿ ಏನಿತ್ತೆಂಬುದು ಮಾಸ್ತರರಿಗೆ ಗೊತ್ತಿತ್ತು. ಹೊಳೆಯ ಬದಿಯ ಕೆಳಗಿನ ತೋಟವನ್ನು ತಮ್ಮನಿಗೇ ಬಿಟ್ಟುಕೊಡಲು ಅಣ್ಣನು ಅಂದೇ ಸಿದ್ಧನಾಗಿದ್ದನು. ಇವನು ಆರು ವರ್ಷದಿಂದ ಜಗಳವಾಡುತ್ತಿದ್ದುದು ಅದೇ ತೋಟಕ್ಕಾಗಿ. ಒಂದು ಮಾತು ಹೊರಬಿದ್ದರೆ ಎರಡು ಮನೆಗಳ ನಡುವಿನ ಬೇಲಿ ಬೀಳಬಹುದಾಗಿತ್ತು. ಒಳಿತಿಗಾಗಿ ಗುಟ್ಟನ್ನು ಒಡೆಯಬಾರದೇ ಎಂಬ ಪ್ರಶ್ನೆ ಅವರನ್ನು ಬಾಧಿಸದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ನನ್ನ ಶಿಷ್ಯನೇ. ನಿನ್ನ ಅಣ್ಣನೂ ನನ್ನ ಶಿಷ್ಯನೇ. ಅವನು ಕೊಟ್ಟದ್ದನ್ನು ಅವನಿಗೇ ಕೊಡುತ್ತೇನೆ” ಎಂದರು. ತಮ್ಮನು ಮುಖ ಗಂಟಿಕ್ಕಿಕೊಂಡು ಮೆಟ್ಟಿಲಿಳಿದು ಹೋದನು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ಸತ್ಯವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ತಪ್ಪು ಉಪದೇಶ, ಏಕಾಂತದ ಸಂಗತಿಯನ್ನು ಬಯಲು ಮಾಡುವುದು, ಸುಳ್ಳು ಲೇಖನ, ನ್ಯಾಸವಾಗಿ ಇಟ್ಟದ್ದನ್ನು ಅಪಹರಿಸುವುದು, ಇನ್ನೊಬ್ಬರ ಅಂತರಂಗದ ಆಲೋಚನೆಯನ್ನು ಹೊರಗೆಡಹುವುದು. ಕದ್ದು ತಂದದ್ದನ್ನು ಸ್ವೀಕರಿಸುವುದು ಅಚೌರ್ಯದ ಅತಿಚಾರಗಳಲ್ಲಿ ಒಂದು. ಗುಟ್ಟನ್ನು ಹೊರಗೆಡಹುವವನು ಸುಳ್ಳಾಡುತ್ತಿಲ್ಲ, ನಿಜವನ್ನೇ ಹೇಳುತ್ತಿದ್ದಾನೆ. ಹೀಗಿದ್ದೂ ಶಾಸ್ತ್ರಕಾರರು ಅದನ್ನು ಸತ್ಯಕ್ಕೆ ಬಂದ ಲೋಪವೆಂದು ಎಣಿಸಿದರು. ನಂಬಿ ಒಪ್ಪಿಸಿದ ಮಾತು ಹೇಳಿದವನದೇ ಆಗಿ ಉಳಿಯುತ್ತದೆ, ಕೇಳಿಸಿಕೊಂಡವನ ಸ್ವತ್ತಾಗುವುದಿಲ್ಲ ಎಂಬುದೇ ಇದರ ತಾತ್ಪರ್ಯವಾಗಿರಬೇಕು. ನ್ಯಾಸವೆಂದರೆ ಚಿನ್ನದ ಗಂಟೊಂದೇ ಎಂದು ತಿಳಿಯಬೇಕಾಗಿಲ್ಲ.

ಮುಂದಿನ ಹದಿನೈದು ದಿನ ಮಾಸ್ತರರು ಮನೆಮನೆಗೆ ನಡೆದರು. ಕೆಲವರಿಗೆ ಅವರವರ ಕಡತವನ್ನು ಮುದ್ರಿಸಿ ಕೊಟ್ಟರು, ಕೆಲವರಿಗೆ ಪೆನ್ ಡ್ರೈವಿನಲ್ಲಿ ಕೊಟ್ಟರು. ಸರ್ವರಿಗೆ ಹೋಗಿದ್ದ ನಲವತ್ತೊಂದು ಕಡತಗಳ ಒಡೆಯರಿಗೆ ನಡೆದದ್ದನ್ನು ಮುಚ್ಚಿಡದೆ ತಿಳಿಸಿದರು. ಬಹುಮಂದಿ ನಕ್ಕುಬಿಟ್ಟರು, “ನಮ್ಮ ಆದಾಯವೆಷ್ಟೆಂದು ಸರ್ವರಿಗೆ ಗೊತ್ತಾದರೆ ಅದೇ ಅತ್ತೀತು” ಎಂದರೊಬ್ಬರು. ಆ ಹೆಣ್ಣುಮಗಳು ಮಾತ್ರ ನಗಲಿಲ್ಲ. “ಆ ಕಾಗದ ಇನ್ನೂ ಇದೆಯೆಂದೇ ನನಗೆ ಗೊತ್ತಿರಲಿಲ್ಲ, ಮಾಸ್ತರೇ” ಎಂದಳು. ಕಳಿಸಿದ್ದಕ್ಕಿಂತ ಇಟ್ಟುಕೊಂಡದ್ದೇ ದೊಡ್ಡ ತಪ್ಪೆಂದು ಅವರಿಗೆ ಆಗ ತಿಳಿಯಿತು. ಅದಾದ ಮೇಲೆ ಆಕೆ ಅರ್ಜಿ ಬರೆಯಿಸಲು ಅವರಲ್ಲಿಗೆ ಬಂದಿಲ್ಲ. ಪಾಲಿನ ಕರಡನ್ನು ಅಣ್ಣನ ಕೈಗೆ ಕೊಟ್ಟು, ತಮ್ಮನು ಕೇಳಲು ಬಂದಿದ್ದನೆಂಬುದನ್ನೂ ಹೇಳಿದರು. ಅವನು ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡನು. ಮುಂದೇನಾಯಿತೆಂದು ಮಾಸ್ತರರು ಕೇಳಿಲ್ಲ.

ಹಳೆಯ ಯಂತ್ರವನ್ನು ನೆರೆಮನೆಯ ಪಿ.ಯು.ಸಿ. ವಿದ್ಯಾರ್ಥಿನಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಅಳಿಸಿ ಕಸದ ಬುಟ್ಟಿಯನ್ನು ಬರಿದು ಮಾಡಿದರೂ ಹಳೆಯ ಡಿಸ್ಕಿನ ಮೇಲೆ ಬೇರೆ ಬರಹ ಬೀಳುವವರೆಗೆ ಮೊದಲಿನದು ಉಳಿದೇ ಇರುತ್ತದೆ. ಬಲ್ಲವರು ಅದನ್ನು ಎತ್ತಿ ತೆಗೆಯಬಹುದು. ಆದುದರಿಂದ ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆದು ಒರೆಸಿಹಾಕುವ ಕ್ರಮವನ್ನು ಹುಡುಗ ರಾತ್ರಿಯೆಲ್ಲ ನಡೆಸಿದನು. ನಡುವೆ ಎರಡು ಬಾರಿ ವಿದ್ಯುತ್ತು ಹೋಯಿತು. ಎರಡು ಬಾರಿಯೂ ಮೊದಲಿನಿಂದ ಆರಂಭಿಸಿದನು. ಬೇಸರಪಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ಅದರಲ್ಲಿ ಉಚಿತವಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿ, ಬೀಗ ಒಡೆದ ಪ್ರತಿಯಿದ್ದ ತನ್ನ ಪೆನ್ ಡ್ರೈವನ್ನೂ ತಾನಾಗಿಯೇ ಒರೆಸಿಹಾಕಿದನು. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

ಈಗ ಅರ್ಜಿ ಮುದ್ರಣವಾದ ಮೇಲೆ ಮಾಸ್ತರರು ಬಂದವರನ್ನು ಪರದೆಯ ಎದುರು ಕೂರಿಸಿಕೊಂಡು, “ಇಟ್ಟುಕೊಳ್ಳಲೇ, ಅಳಿಸಲೇ?” ಎಂದು ಕೇಳುತ್ತಾರೆ. ಮತ್ತೆ ಬೇಕಾದೀತು, ಇರಲಿ ಎನ್ನುವವರಿದ್ದಾರೆ. ಅವರ ಹೆಸರನ್ನೂ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಳಿಸಿ ಎಂದವರ ಕಡತವನ್ನು ಅವರ ಕಣ್ಣೆದುರಿಗೇ ಅಳಿಸುತ್ತಾರೆ. ಇದರಿಂದ ಪ್ರತಿಯೊಂದು ಅರ್ಜಿಗೂ ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಹೊಸ ಗಣಕದ ಡಿಸ್ಕಿನಲ್ಲಿ ಬಹುಪಾಲು ಸ್ಥಳ ಬರಿದಾಗಿಯೇ ಇದೆ. ಮುಂದಿನ ರಜೆಗೆ ಬಂದ ಹುಡುಗ ಅದನ್ನು ನೋಡಿ, “ಅಜ್ಜ, ಇಷ್ಟು ದೊಡ್ಡದು ಬೇಕಿರಲಿಲ್ಲ” ಎಂದನು. ಮಾಸ್ತರರು ಹೌದೆಂದರು.