ಹೆಸರು ಕೇಳಿದ ಬಾಲಿಕೆ

ಎರಡು ವರುಷಗಳ ಹಿಂದೆ ಶ್ರಾವಣಮಾಸದಲ್ಲಿ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಮೂಡಲಗಿಯ ತನ್ನ ಹೊಲದ ಹೊಂಡದಿಂದ ಒಂದು ಜಲಸಸ್ಯವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗೋಕಾಕಕ್ಕೆ ತಂದಳು. “ಅಕ್ಕೋರ, ಇದರ ಹೆಸರೇನ್ರಿ?” ಎಂದು ಕೇಳಿದಳು. ಕೆಲಸದ ಅವಸರದಲ್ಲಿದ್ದ ನಾನು, “ಅದು ಕೆರೆಯ ಕಳೆ, ತಂಗಿ” ಎಂದುಬಿಟ್ಟೆನು. “ಕಳೆಗೂ ಒಂದ್ ಹೆಸರ ಇರಬೇಕಲ್ರಿ?” ಎಂದಳು. ಇಪ್ಪತ್ತು ವರುಷ ಪಾಠ ಹೇಳಿದ ನನಗೆ ಉತ್ತರವು ತೋಚದೆ ಹೋಯಿತು.

ಅಂದು ಸಂಜೆ ನಾವಿಬ್ಬರೂ ಕುಳಿತು ಆ ಗಿಡವನ್ನು ಪರೀಕ್ಷಿಸಿದೆವು. ನೀರಿನ ಮೇಲೆ ತೇಲುವ ಎಲೆ, ಕೆಸರಿನೊಳಗೆ ಗಡ್ಡೆ, ನೀರಿನಿಂದ ಮೇಲೆದ್ದ ಒಂದೇ ಹೂತೆನೆ. ಪ್ರತಿ ಪುಟ್ಟ ಹೂವಿನಲ್ಲಿ ಎರಡು ಎಸಳು, ಆರು ಕೇಸರ. ಗ್ರಂಥಗಳನ್ನು ತಿರುವಿಹಾಕಲಾಗಿ ಅದು ಅಪೋನೋಗೆಟಾನ್ ಕುಲದ್ದೆಂದು ತಿಳಿಯಿತು.

ಇದೇ ಕುಲದ ಒಂದು ಹೊಸ ಜಾತಿಯನ್ನು ಸುಂದರರಾಘವನ್, ಕುಲಕರ್ಣಿ, ಯಾದವ ಎಂಬ ಮೂವರು ಶಾಸ್ತ್ರಜ್ಞರು 1982ರಲ್ಲಿ ಸಾತಾರೆಯ ಹೆಸರಿನಿಂದ ಪ್ರಕಟಿಸಿದರೆಂದು ನಾನು ಹೇಳಿದೆನು. ಬಾಲಿಕೆಯ ಕಣ್ಣು ಅರಳಿದವು. ಆದರೆ ಸಾತಾರೆಯ ಗಿಡದ ಹೂತೆನೆಯು ಎರಡಾಗಿ ಕವಲೊಡೆಯುವದು. ನಮ್ಮದು ಒಂಟಿ ತೆನೆ. ಹುಕ್ಕೇರಿಯ ಕಡೆಯ ಹುಡುಗಿಯರು ತಂದವುಗಳೂ ಹಾಗೆಯೇ ಇದ್ದವು. ಅದು ಅಪೋನೋಗೆಟಾನ್ ನಾಟನ್ಸ್. ಲಿನೀಯಸ್ ಪಂಡಿತನು 1771ರಲ್ಲಿಯೇ ಬೇರೊಂದು ಕುಲದ ಹೆಸರಿನಿಂದ ವರ್ಣಿಸಿದ್ದ ಗಿಡ!

ಅವಳ ಮುಖವು ಬಾಡಿತು. ನಾನೆಂದೆನು: “ಹೊಸದನ್ನು ಹೊಸದೆನ್ನಬೇಕಾದರೆ ಹಳೆಯವನ್ನೆಲ್ಲ ಮೊದಲು ಅರಿತಿರಬೇಕು. ಒಣಗಿಸಿದ ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇರಿಸಿ, ಸಮೀಪದ ಜಾತಿಗಳಿಂದ ಅದು ಎಲ್ಲಿ ಭಿನ್ನವೆಂಬದನ್ನು ಬರೆದು ಪ್ರಕಟಿಸಬೇಕು. ಆ ಮೂವರೂ ಇಂದು ನೀನು ಮಾಡಿದ ಕೆಲಸವನ್ನೇ ಮಾಡಿರಬೇಕು.” ಅವಳು ಗಿಡವನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಊರು, ದಿನಾಂಕ, ನೀರಿನ ಆಳ ಎಲ್ಲವನ್ನೂ ಅಂದವಾದ ಅಕ್ಷರಗಳಲ್ಲಿ ಬರೆದಳು.

ಮರುವರುಷ ಆ ಹೊಂಡವನ್ನು ಮುಚ್ಚಿ ಕಬ್ಬು ನೆಟ್ಟರು. ಅಲ್ಲಿ ಏನು ಬೆಳೆಯುತ್ತಿತ್ತೆಂಬದಕ್ಕೆ ಈಗ ನಮ್ಮ ಶಾಲೆಯ ಕಪಾಟಿನಲ್ಲಿರುವ ಆ ಒಂದು ಹಾಳೆಯೇ ಸಾಕ್ಷಿ. ಅದು ಸಾಮಾನ್ಯ ಗಿಡವಾಗಿತ್ತು, ಅಪೂರ್ವವಾದದ್ದೇ ಆಗಿದ್ದರೆ? ಹೆಸರಿಡುವ ಮೊದಲೇ ಅಳಿದುಹೋಗುತ್ತಿತ್ತು. ನಾನು ಅದನ್ನು ಕಳೆಯೆಂದೇ ಹೇಳಿಬಿಟ್ಟಿರುತ್ತಿದ್ದೆನು.

ಪ್ರಿಯ ಬಾಲಿಕೆಯರೇ, ಇನ್ನು ಮೇಲೆ ನೀವು ತಂದುದರ ಹೆಸರು ನನಗೆ ತಿಳಿಯದಿದ್ದರೆ “ತಿಳಿಯದು, ನೋಡೋಣ ಬಾ” ಎನ್ನುವೆನು. ನೀವು ಕೇಳುವದನ್ನು ಮಾತ್ರ ಬಿಡಬೇಡಿರಿ.